ಗಂಟಕ್ಕನ ಗಂಟಲೂ ಮೇಸ್ತ್ರಿಯ ಹಾಡಿನ ಪೆಟ್ಟಿಗೆಯೂ

ಗಂಟಕ್ಕ ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ, ನಕ್ಕು, ಮುಂದೆ ನಡೆದುಬಿಡುತ್ತಿದ್ದಳು. ಕೆಲವರು ಅದನ್ನು ಸೊಕ್ಕು ಅಂದುಕೊಂಡರು. ಸೊಕ್ಕು ಮಾಡುವಂಥದ್ದು ಅವಳ ಹತ್ತಿರ ಏನೂ ಇರಲಿಲ್ಲ. ಸಂಜೆಯ ಹೊತ್ತಿಗೆ ಗಂಟಲಲ್ಲಿ ಉಳಿದಿರುತ್ತಿದ್ದ ಚೂರು ದನಿಯನ್ನು ದಾರಿಯಲ್ಲಿ ಚೆಲ್ಲದೆ ಮನೆಗೆ ಒಯ್ಯಬೇಕಿತ್ತು, ತುಂಬಿದ ಕೊಡ ಹೊತ್ತವಳು ಅತ್ತಿತ್ತ ನೋಡದೆ ನಡೆಯುವ ಹಾಗೆ. ಮನೆಯಲ್ಲಿ ಕಿವಿ ಕೇಳದ ಗಂಡನಿದ್ದ.

ಗಂಟಕ್ಕ ಅನ್ನುವುದು ಗಿರಣಿ ಕೊಟ್ಟ ಹೆಸರು. ಮಗ್ಗದ ಶೆಡ್ಡಿನಲ್ಲಿ ಎಳೆ ಕಡಿದ ಕಡೆ ಓಡಿಹೋಗಿ, ಎರಡು ತುದಿ ಹುಡುಕಿ, ಸೇರಿಸಿ ಗಂಟು ಹಾಕುವುದು ಅವಳ ಕೆಲಸವಾಗಿತ್ತು. ಗಂಟು ಸಾಸಿವೆ ಕಾಳಿಗಿಂತ ಸಣ್ಣದಾಗಬೇಕು. ದಪ್ಪವಾಯಿತೋ, ಮುಂದೆ ಎಲ್ಲೋ ಸಿಕ್ಕಿಕೊಂಡು ಮತ್ತೆ ಕಡಿಯುತ್ತದೆ, ಬೈಗುಳ ಬೇರೆ. ಅವಳು ಹಾಕಿದ ಗಂಟು ಬಟ್ಟೆಯ ಮೇಲೆ ಬೆರಳಾಡಿಸಿದರೂ ಸಿಗುತ್ತಿರಲಿಲ್ಲ. ಗಿರಣಿ ಮುಚ್ಚಿತು, ಆ ಜಾಗದಲ್ಲಿ ಈಗ ಬಸ್ಸು ನಿಲ್ಲಿಸುತ್ತಾರೆ, ಹೆಸರು ಮಾತ್ರ ಉಳಿಯಿತು.

ಅವಳ ಗಂಡ ಅದೇ ಶೆಡ್ಡಿನಲ್ಲಿ ಮಗ್ಗ ರಿಪೇರಿಯ ಮೇಸ್ತ್ರಿ. ಮಗ್ಗ ಕೆಟ್ಟಿದೆ ಅಂತ ಕರೆದರೆ ಬಂದ ಕೂಡಲೇ ಸ್ಪ್ಯಾನರ್ ತೆಗೆಯುವವನಲ್ಲ. ಓಡುತ್ತಿರುವ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ತಲೆ ತಗ್ಗಿಸಿ ನಿಲ್ಲುತ್ತಿದ್ದ. ವೈದ್ಯ ನಾಡಿ ಹಿಡಿದ ಹಾಗೆ. ನಡುಕದಲ್ಲೇ ಅವನಿಗೆ ರೋಗ ತಿಳಿಯುತ್ತಿತ್ತು. ಕಿವಿಯಿಂದ ತಿಳಿಯೋಣ ಅಂದರೆ ಅಲ್ಲಿ ಕಿವಿಗೆ ಕೆಲಸವೇ ಇರಲಿಲ್ಲ. ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡು ಅದು. ಪಕ್ಕದವರ ಕಿವಿಗೆ ಬಾಯಿಟ್ಟು ಅರಚಿದರೂ ಗಾಳಿಗೆ ಹೋಗುತ್ತಿತ್ತು.

ಆದ್ದರಿಂದ ಅಲ್ಲಿ ಯಾರೂ ಅರಚುತ್ತಿರಲಿಲ್ಲ. ಬಾಯಿ ಅಗಲ ಮಾಡಿ, ತುಟಿಯನ್ನು ನಿಧಾನವಾಗಿ ಆಡಿಸಿ, ದನಿಯೇ ಇಲ್ಲದೆ ಮಾತಾಡುತ್ತಿದ್ದರು. ತುಟಿಗೆ ಸಿಕ್ಕದ ಮಾತಿಗೆ ಕೈ ಇತ್ತು, ಹುಬ್ಬಿತ್ತು. ಶೆಡ್ಡಿನ ಈ ತುದಿಯವಳು ಆ ತುದಿಯವಳ ಜೊತೆ ಸೊಸೆಯ ದೂರು ಹೇಳಿಕೊಳ್ಳಬಹುದಿತ್ತು. ನಡುವೆ ನಿಂತವರಿಗೆಲ್ಲ ಪುಕ್ಕಟೆ ಮನರಂಜನೆ. ಹೊಸದಾಗಿ ಬಂದವರು, ಇದೇನಪ್ಪ ಎಲ್ಲರೂ ಮೀನಿನ ಹಾಗೆ ಬಾಯಿ ಬಿಡ್ತಾರೆ ಅಂತ ಹೆದರುತ್ತಿದ್ದರು. ಆರು ತಿಂಗಳಲ್ಲಿ ಅವರೂ ಮೀನಾಗುತ್ತಿದ್ದರು.

ಮೇಸ್ತ್ರಿಗೂ ಗಂಟಕ್ಕನಿಗೂ ಮಾತು ಬೆಳೆದದ್ದು ಹೀಗೇ, ಮೂರು ಮಗ್ಗಗಳ ಆಚೆ ಈಚೆ ನಿಂತು. ಅವನು "ಊಟ ಆಯ್ತಾ?" ಅಂತ ತುಟಿ ಆಡಿಸುವನು. ಅವಳು "ನಿನಗೇಕೆ?" ಅನ್ನುವಳು. ಶೆಡ್ಡಿನ ಮಾತಿನಲ್ಲಿ ಬನ್ನಿ ಹೋಗಿ ಎನ್ನುವ ಮರ್ಯಾದೆಗೆಲ್ಲ ಜಾಗವಿರಲಿಲ್ಲ. ಮಾತು ಗಿಡ್ಡವಾದಷ್ಟೂ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಮೇಸ್ತ್ರಿಯಾದರೂ "ಬಾ", ಮ್ಯಾನೇಜರಾದರೂ "ಬಾ". ಇನ್ನೊಂದು ರಿವಾಜೂ ಇತ್ತು. ಎದುರಿನವರ ಮಾತು ಸಾಕು ಅನ್ನಿಸಿದರೆ ಕಣ್ಣು ಮುಚ್ಚಿಬಿಡುವುದು. ಕಣ್ಣು ಮುಚ್ಚಿದರೆ ಮಾತು ಹೋಗುವ ದಾರಿಯೇ ಮುಚ್ಚಿತು. ಮೇಸ್ತ್ರಿ ಒಂದು ಸಲ ಅವಳ ಮೂಗಿನ ಬಗ್ಗೆ ಏನೋ ತಮಾಷೆ ಮಾಡಿದಾಗ ಗಂಟಕ್ಕ ಕಣ್ಣು ಮುಚ್ಚಿ ನಿಂತುಬಿಟ್ಟಳಂತೆ. ಅವಳು ತೆರೆಯುವವರೆಗೂ ಅವನು ಸ್ಪ್ಯಾನರ್ ಹಿಡಿದು ಅಲ್ಲೇ ಕಾದನಂತೆ. ಎರಡು ಮಗ್ಗ ನಿಂತವು. ಬೈಸಿಕೊಂಡದ್ದು ಇಬ್ಬರೂ.

ಮದುವೆಯಾಗಿ ಮನೆಗೆ ಬಂದ ಮೇಲೆ ಈ ಮಾತು ಬಾಗಿಲಾಚೆ ಉಳಿಯಿತು. ಉಳಿಸಿದವಳು ಅತ್ತೆ. ಮೊದಲ ವಾರವೇ ಸೊಸೆ ಅಡುಗೆ ಮನೆಯಿಂದ ಗಂಡನಿಗೆ ತುಟಿಯಾಡಿಸಿದ್ದನ್ನು ಮುದುಕಿ ನೋಡಿದಳು. "ನನ್ನ ಬೆನ್ನ ಹಿಂದೆ ಬಾಯಿ ಆಡಿಸ್ತೀಯಾ? ನನ್ನ ಮನೇಲಿ ಮಾತಾಡೋದಾದ್ರೆ ನನಗೂ ಕೇಳಿಸೋ ಹಾಗೆ ಮಾತಾಡು" ಅಂದಳು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಸೊಸೆಯ ತುಟಿ ಹೇಳಿದ್ದು "ಬಾ, ತಿನ್ನು" ಅಂತ ಮುದುಕಿಗೆ ಹೇಗೋ ತಿಳಿದುಹೋಯಿತು. "ಗಂಡನಿಗೆ ಬಾ ಅಂತಾಳೆ! ನಾಳೆ ಹೋಗೋ ಅಂತಾಳೆ!" ಅಂತ ಮೂರು ದಿನ ಊಟ ಬಿಟ್ಟಳು. ಆಮೇಲೆ ಗಂಟಕ್ಕ ಮನೆಯಲ್ಲಿ "ಬನ್ನಿ, ತಿನ್ನಿ" ಅಂತ ದನಿ ತೆಗೆದು ಮಾತಾಡಲು ಕಲಿತಳು. ತುಟಿಮಾತನ್ನು ಟಿಫಿನ್ ಡಬ್ಬಿ ಜೊತೆ ಗಿರಣಿಗೆ ಒಯ್ದು, ಅಲ್ಲೇ ಬಿಟ್ಟು ಬರುವಳು. ಗಿರಣಿ ಮುಚ್ಚಿದ ದಿನ ಅದೂ ಅಲ್ಲೇ ಉಳಿಯಿತು.

ಮಗ್ಗಗಳು ನಿಂತರೂ ಅವುಗಳ ಸದ್ದು ಮೇಸ್ತ್ರಿಯ ಕಿವಿಯಲ್ಲಿ ನಿಲ್ಲಲಿಲ್ಲ. ಒಳಗೇ ಗುಂಯ್ ಅನ್ನುತ್ತಾ, ಹೊರಗಿನದನ್ನು ಚೂರುಚೂರೇ ತಿನ್ನುತ್ತಾ ಬಂತು. ಮೊದಲು ಹಕ್ಕಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮಗಳ ಮಾತು. ಕಿವಿಗೆ ಹಾಕುವ ಯಂತ್ರ ಕೊಟ್ಟವನು "ಸ್ವಲ್ಪ ಜೋರಾಗಿ ಮಾತಾಡಿ" ಅಂದ. ಸ್ವಲ್ಪ ಅನ್ನುವುದು ವರ್ಷ ವರ್ಷ ಬೆಳೆಯಿತು. ಹಾಲು ಕಾಯುವಾಗ ಯಾವ ಗಳಿಗೆಯಲ್ಲಿ ಬಿಸಿಯಾಯಿತು ಅಂತ ಹೇಳಲಾಗುತ್ತದೆಯೇ? ಹಾಗೇ, ಗಂಟಕ್ಕ ಯಾವತ್ತಿನಿಂದ ಮಾತು ಬಿಟ್ಟು ಕೂಗಲು ಶುರು ಮಾಡಿದಳು ಅನ್ನುವುದು ಅವಳಿಗೇ ಗೊತ್ತಿಲ್ಲ. ಒಲೆಯ ಮುಂದೆ ನಿಂತು, ಗೋಡೆಗೆ ಮುಖ ಮಾಡಿ ಕೂಗುವಳು. ಮೇಸ್ತ್ರಿ ಮುಂದಿನ ಕೋಣೆಯಿಂದ ಬಂದು "ಏನಂದೆ?" ಅನ್ನುವನು. ಮತ್ತೆ ಕೂಗುವಳು. "ಯಾರು ಸತ್ತರು?" "ಯಾರೂ ಸತ್ತಿಲ್ಲ! ಬೆಂಕಿಪೊಟ್ಟಣ ಎಲ್ಲಿಟ್ರಿ ಅಂದೆ!" "ಸರಿ ಬಿಡು, ಸಾಯೋ ವಯಸ್ಸೇ ಅಲ್ಲ ಅದು."

ಅವಳ ಈಗಿನ ಕೆಲಸ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ. ಹರಿದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಲಾಡಿ ಕಿತ್ತುಹೋದ ನಿಲುವಂಗಿಗಳನ್ನು ಹೊಲಿದು ಮಡಚಿ, ಮಧ್ಯಾಹ್ನ ಕಿಟಕಿಯಲ್ಲಿ ನಿಂತು ಒಂದೊಂದೇ ವಾರ್ಡಿನ ಹೆಸರು ಕೂಗಿ ಕಟ್ಟು ಕೊಡಬೇಕು. ಕೂಗಿಗೆ ಓಗೊಟ್ಟು ಆಯಾ ವಾರ್ಡಿನವರು ಗಾಡಿ ತಳ್ಳಿಕೊಂಡು ಬರುತ್ತಾರೆ. ಒಂದು ದಿನ "ಹೆರಿಗೆ ವಾರ್ಡ್" ಅಂತ ಕೂಗಲು ಬಾಯಿ ತೆರೆದರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಏನೋ ಬಂತು. ಗಾಡಿಯವಳು ನಕ್ಕಳು. ಮೇಲ್ವಿಚಾರಕಿ ನಗಲಿಲ್ಲ. "ದನಿ ಹೋದ್ರೆ ಕಿಟಕೀಲಿ ನಿಲ್ಲೋದು ಹೇಗೆ ನೀನು? ಒಗೆಯೋ ಕಡೆಗೆ ಹಾಕ್ಬೇಕಾಗತ್ತೆ ನೋಡು. ಮೊದ್ಲು ಡಾಕ್ಟರಿಗೆ ತೋರಿಸು" ಅಂದಳು. ಒಗೆಯುವ ಕಡೆ ಅಂದರೆ ದಿನವಿಡೀ ಒದ್ದೆ ನೆಲ, ಕುದಿಯುವ ಹಂಡೆ. ಗಂಟಕ್ಕನ ಮೊಣಕಾಲಿಗೆ ಅದು ಆಗದ ಮಾತು.

ಗಂಟಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬಾಯೊಳಗೆ ಕನ್ನಡಿ ಇಟ್ಟು ನೋಡಿ ಕೇಳಿದಳು.

"ಏನು ಕೆಲಸ ಅಮ್ಮಾ? ಟೀಚರಾ?"

ಗಂಟಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಮಾರ್ಕೆಟ್ಟಲ್ಲಿ ಕೂಗಿ ಮಾರ್ತೀರಾ?"

"ಇಲ್ಲ, ಗಂಡನ ಜೊತೆ ಮಾತಾಡ್ತೀನಿ."

ಡಾಕ್ಟರು ನಗು ತಡೆದುಕೊಂಡು ಹೇಳಿದ್ದು ನಗುವ ವಿಷಯವಾಗಿರಲಿಲ್ಲ. ಗಂಟಲೊಳಗೆ ಎರಡು ಸಣ್ಣ ಗಂಟು ಎದ್ದಿವೆ. ಕೂಗುವ ಹಾಗಿಲ್ಲ. ಪಿಸುಗುಟ್ಟುವುದೂ ಬೇಡ, ಅದೂ ಗಂಟಲಿಗೆ ಭಾರವೇ. ಬಿಡುವು ಕೊಟ್ಟರೆ ಕರಗಬಹುದು. ಕೊಡದಿದ್ದರೆ ಕೊಯ್ದು ತೆಗೆಯಬೇಕು. ಆಮೇಲೆ ದನಿ ಮೊದಲಿನ ಹಾಗೆ ಬರುತ್ತದೆ ಅಂತ ಮಾತು ಕೊಡಲಾಗುವುದಿಲ್ಲ. ಜೀವಮಾನವೆಲ್ಲ ಕಂಡವರ ಎಳೆಗೆ ಗಂಟು ಹಾಕಿದೆ, ಕೊನೆಗೆ ನನ್ನ ಗಂಟಲಿಗೇ ಬಂತು ಅಂದುಕೊಳ್ಳುತ್ತಾ ಗಂಟಕ್ಕ ಮೆಟ್ಟಿಲಿಳಿದಳು.

ಕಿಟಕಿಗೆ ಬೇರೊಬ್ಬಳನ್ನು ಕೆಲವು ವಾರದ ಮಟ್ಟಿಗೆ ಹಾಕಿದರು. ಅಲ್ಲೇನೂ ಕಷ್ಟವಾಗಲಿಲ್ಲ. ಕಷ್ಟ ಮನೆಯಲ್ಲಿತ್ತು. ಮೇಸ್ತ್ರಿ ಕೆಟ್ಟವನಲ್ಲ. ದಿನವಿಡೀ ಒಬ್ಬನೇ ಕೂತು ಕೂತು ಅವನಿಗೆ ಸಂಜೆ ಮನುಷ್ಯರ ಸುದ್ದಿ ಬೇಕು. ಅವಳು ಚಪ್ಪಲಿ ಬಿಡುವುದರೊಳಗೆ ಶುರು: "ಯಾರು ಸಿಕ್ಕಿದ್ರು? ಏನಂದ್ರು? ಆಚೆ ಯಾರೋ ನಿಂತಿದ್ರಲ್ಲ, ಯಾಕಂತೆ?" ಡಾಕ್ಟರು ಹೇಳಿದ್ದನ್ನು ಮಗಳು ಚೀಟಿಯಲ್ಲಿ ಬರೆದು ತೋರಿಸಿದಾಗ "ಹಾಗಾದ್ರೆ ಮಾತಾಡ್ಬೇಡ, ಮಾತಾಡ್ಬೇಡ" ಅಂದ. ಅದೇ ಸಂಜೆ "ಮಾತಾಡ್ಬೇಡ ಅಂದ್ರಲ್ಲ, ಇನ್ನೇನಂದ್ರು?" ಅಂತ ಕೇಳಿದ. ಅವಳು ಕೈಸನ್ನೆ ಮಾಡಿದರೆ ಅರ್ಧ ತಿಳಿದು ಅರ್ಧ ತಿಳಿಯದೆ ಇನ್ನೂ ಎರಡು ಪ್ರಶ್ನೆ ಹುಟ್ಟುತ್ತಿತ್ತು. ಸಾಕಾಗಿ ಅವಳು ಕೂಗಿಬಿಡುತ್ತಿದ್ದಳು. ಕೂಗಿದ ಮೇಲೆ ಗಂಟಲಲ್ಲಿ ಮುಳ್ಳು ಎಳೆದ ಹಾಗಾಗುತ್ತಿತ್ತು.

"ಅಪ್ಪಂಗೆ ಹಾಡು ಇದ್ರೆ ಸಾಕಮ್ಮ, ನಿನ್ನ ಬೆನ್ನು ಬಿಡ್ತಾನೆ" ಅಂದಳು ಮಗಳು. ಅವಳು ಎರಡು ಬೀದಿ ಆಚೆ ಇರುವವಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ.

ಮಾತು ನಿಜ. ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಸ್ಟೀರಿಯೋ ಇತ್ತು. ನಡುವೆ ರೇಡಿಯೋ ಇದ್ದ ರಿಸೀವರ್ ಪೆಟ್ಟಿಗೆ, ಅಕ್ಕಪಕ್ಕ ಸೊಂಟದೆತ್ತರದ ಎರಡು ಸ್ಪೀಕರ್. ಗಿರಣಿಯ ಅಧಿಕಾರಿಯೊಬ್ಬ ಮನೆ ಖಾಲಿ ಮಾಡುವಾಗ ಮೇಸ್ತ್ರಿ ಹಠ ಹಿಡಿದು ಕೊಂಡದ್ದು. ಕೈಗಾಡಿಯಲ್ಲಿ ತಂದು, ಮಗುವನ್ನು ಮಲಗಿಸುವ ಹಾಗೆ ಇಟ್ಟದ್ದು. ಅದರ ಮೇಲೆ ರೆಕಾರ್ಡ್ ತಿರುಗುವ ತಟ್ಟೆ ಇತ್ತು. ಕಿವಿ ಅರ್ಧ ಹೋದ ಮೇಲೂ ಅವನು ಸ್ಪೀಕರಿಗೆ ಒರಗಿ ಕೂತು ಹಾಡು ಕೇಳುತ್ತಿದ್ದ. ಕಿವಿಗೆ ಬಾರದ್ದು ಬೆನ್ನಿಗೆ ಬರುತ್ತಿತ್ತು. ಆ ಒಂದು ಗಂಟೆ ಗಂಟಕ್ಕನದು. ಕಾಲು ಚಾಚಿ, ಯಾರಿಗೂ ಉತ್ತರ ಕೊಡದೆ ಕೂರುವ ಗಂಟೆ. ಆಮೇಲೆ ತಟ್ಟೆಯ ಮುಳ್ಳು ಮುರಿಯಿತು, ಅಂಥದ್ದು ಈಗ ಬರುವುದಿಲ್ಲ ಅಂದರು. ತಟ್ಟೆಯನ್ನು ಅಟ್ಟಕ್ಕೇರಿಸಿದರು. ರೇಡಿಯೋ ಭಾಗಕ್ಕೆ ಯಾವತ್ತೋ ಗಂಟಲು ಕಟ್ಟಿತ್ತು. ಮನೆಯಲ್ಲಿ ಗಂಟಲು ಕಟ್ಟಿದವರಲ್ಲಿ ಅದೇ ಹಿರಿಯದು.

ಮಗಳು ತನ್ನ ಹಳೆಯ ಪುಟ್ಟ ಪ್ಲೇಯರ್ ತಂದಳು. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು. ಅದರೊಳಗೆ ಅಪ್ಪನ ಕಾಲದ ಹಾಡುಗಳನ್ನೆಲ್ಲ ಯಾರಿಂದಲೋ ತುಂಬಿಸಿದ್ದಳು. "ಇಷ್ಟರಲ್ಲಿ ಎಷ್ಟು ಹಾಡು ಹಿಡಿಯತ್ತೆ?" ಅಂದ ಮೇಸ್ತ್ರಿ. "ನೀನು ಇರೋವರೆಗೂ ಸಾಕಾಗುವಷ್ಟು" ಅಂತ ಮಗಳು ಅವನ ಕಿವಿಗೇ ಕೂಗಿದಳು. "ಹಾಗಾದ್ರೆ ಜಾಸ್ತಿ ಇಲ್ಲ ಅನ್ನು."

ಕಿವಿಗೆ ಸಿಕ್ಕಿಸುವ ಬೀಜದಂಥ ಎರಡು ಗುಂಡಿ ಅದರ ಜೊತೆಗಿದ್ದವು. ಕಿವಿಯ ಯಂತ್ರ ತೆಗೆದು ಅವನ್ನು ಹಾಕಿಕೊಂಡರೆ ಏನೂ ಕೇಳದು. ಯಂತ್ರದ ಮೇಲೇ ಒತ್ತಿ ಹಿಡಿದರೆ ಕುಂಯ್ ಅಂತ ಚೀರಾಟ. ಮೇಸ್ತ್ರಿ ಅವನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದ. "ಡಬ್ಬೀಲಿ ಕೂಡಿಹಾಕಿದ ಸೊಳ್ಳೆ ಇದ್ದ ಹಾಗಿದೆ" ಅಂದ. ಗಂಟಕ್ಕ ಮಗಳ ಮುಖ ನೋಡಿದಳು. ಮಗಳು ಸ್ವಲ್ಪ ಯೋಚಿಸಿ, ಇದನ್ನು ದೊಡ್ಡ ಪೆಟ್ಟಿಗೆಗೇ ಸೇರಿಸೋಣ, ಅದಕ್ಕೊಂದು ವೈರ್ ಬರುತ್ತದೆ, ಪ್ಲೇಯರ್ ತೋರಿಸಿದರೆ ರೇಡಿಯೋ ಅಂಗಡಿಯವನು ಕೊಡುತ್ತಾನೆ, ನಾಳೆ ಸಂಜೆ ಬಂದು ಹಾಕಿಕೊಡುತ್ತೇನೆ ಅಂತ ಹೇಳಿ ಹೋದಳು.

ಮಾರನೆಯ ದಿನ ಮೇಸ್ತ್ರಿ ಒಬ್ಬನೇ ಅಂಗಡಿಗೆ ಹೋದ. ಅಂಗಡಿಯವನು ಒಳ್ಳೆಯವನೇ. ವೈರ್ ಬಿಡಿಸಿ ತೋರಿಸಿದ. "ನೋಡಿ ಯಜಮಾನ್ರೇ, ಈ ಕಡೆ ಒಂಟಿ ಪಿನ್ನು, ಇದು ಪ್ಲೇಯರಿಗೆ. ಆ ಕಡೆ ಕೆಂಪು ಒಂದು, ಬಿಳಿ ಒಂದು. ರಿಸೀವರ್ ಹಿಂದೆ ಕೆಂಪಿಗೆ ಕೆಂಪು, ಬಿಳಿಗೆ ಬಿಳಿ ಹಾಕಿ. ಆದ್ರೆ ರೆಕಾರ್ಡಿನ ತೂತಿಗೆ ಮಾತ್ರ ಹಾಕ್ಬೇಡಿ. ಅದು ಸಣ್ಣ ಸದ್ದನ್ನ ಹಿಗ್ಗಿಸಿ ದೊಡ್ಡದು ಮಾಡೋ ತೂತು. ಇದಕ್ಕೆ ಟೇಪಿನ ತೂತು. ಗೊತ್ತಾಯ್ತಾ?" ಮೇಸ್ತ್ರಿ "ಹೂಂ, ಹೂಂ" ಅಂದ. ಕಿವಿ ಕೇಳದವರ ಹೂಂ ಅದು. ಮೂರು ಸಲ "ಏನು?" ಅಂತ ಕೇಳುವುದಕ್ಕೆ ನಾಚಿಕೆಯಾಗಿ ಬರುವ ಹೂಂ. ಕೆಂಪು ಬಿಳಿ ಕಣ್ಣಿಗೆ ಕಂಡಿತು. ಉಳಿದದ್ದು ಬೀದಿಯ ಗದ್ದಲಕ್ಕೆ ಹೋಯಿತು.

ಮಗಳು ಬರುವವರೆಗೆ ಕಾಯುವ ಜೀವವೂ ಅಲ್ಲ. ಅಷ್ಟು ಮಗ್ಗ ಬಿಚ್ಚಿ ಕಟ್ಟಿದವನಿಗೆ ಒಂದು ವೈರು ಯಾವ ಲೆಕ್ಕ! ಗಂಟಕ್ಕ ಆಸ್ಪತ್ರೆಯಿಂದ ಬಂದು ತರಕಾರಿ ಹೆಚ್ಚಲು ಕೂತಾಗ ಅವನು ರಿಸೀವರ್ ಎಳೆದು, ಅದರ ಹಿಂದೆ ಟಾರ್ಚ್ ಹಿಡಿದು ಮಲಗಿದ್ದ. ಧೂಳಿನಲ್ಲಿ ಜೋಡಿ ಜೋಡಿ ತೂತು, ಎಲ್ಲ ಜೋಡಿಯಲ್ಲೂ ಕೆಂಪೊಂದು ಬಿಳಿಯೊಂದು. ಯಾವ ಜೋಡಿ? ಅವನಿಗೆ ಅದರಲ್ಲಿ ಅನುಮಾನವೇ ಬರಲಿಲ್ಲ. ಇಷ್ಟು ವರ್ಷ ಹಾಡು ಒಳಗೆ ಹೋಗುತ್ತಿದ್ದದ್ದು ಯಾವ ತೂತಿನಿಂದ? ತಟ್ಟೆಯ ತೂತಿನಿಂದ. ಇದೂ ಹಾಡೇ ತಾನೆ? ಹಾಗಾದರೆ ಅದೇ ಬಾಗಿಲು. ಸಿಕ್ಕಿಸಿದ. ಒಂಟಿ ಪಿನ್ನನ್ನು ಪ್ಲೇಯರಿಗೆ ಚುಚ್ಚಿ ಹಾಡು ಹಚ್ಚಿದ.

ಸದ್ದಿಲ್ಲ. ಯಾವುದರ ಸದ್ದು ಬರಬೇಕು ಅಂತ ಆರಿಸುವ ಮುಂದಿನ ಗುಂಡಿ ಇನ್ನೂ ರೇಡಿಯೋ ಕಡೆಗೇ ಇತ್ತು ಅನ್ನುವುದು ಅವನಿಗೆ ತಕ್ಷಣ ಹೊಳೆಯಲಿಲ್ಲ. ಅಂಗೈಯನ್ನು ಸ್ಪೀಕರಿನ ಮೇಲಿಟ್ಟ. ನಡುಕವಿಲ್ಲ. ಪ್ಲೇಯರಿನ ಸದ್ದನ್ನು ತುದಿಯವರೆಗೆ ಏರಿಸಿದ. ಅಂಗೈ ಇಟ್ಟ. ಇಲ್ಲ. ರಿಸೀವರಿನ ದಪ್ಪ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದ. ಇಲ್ಲ. ಆಗ ಆ ಆರಿಸುವ ಗುಂಡಿಯ ನೆನಪಾಗಿ ಅದನ್ನು ರೇಡಿಯೋದಿಂದ ತಟ್ಟೆಗೆ ಹೊರಳಿಸಿದ.

ಮನೆಯೊಳಗೆ ಮಗ್ಗದ ಶೆಡ್ಡು ಎದ್ದು ನಿಂತಿತು.

ಅದು ಹಾಡಲ್ಲ. ಹಾಡು ಅದರೊಳಗೆ ಎಲ್ಲೋ ಗೋಣಿಚೀಲದಲ್ಲಿ ಕಟ್ಟಿದ ಬೆಕ್ಕಿನ ಹಾಗೆ ಒದ್ದಾಡುತ್ತಿತ್ತು. ಮೇಲೆಲ್ಲ ಬರೀ ಗುಡುಗುಡು, ಒಡಕು, ಕಿಟಕಿಯ ಗಾಜು ಚೌಕಟ್ಟಿನಲ್ಲಿ ಕುಣಿಯುತ್ತಿತ್ತು. ಗಂಟಕ್ಕನ ಕೈಯಿಂದ ಚಾಕು ಬಿತ್ತು. ಬಿದ್ದ ಸದ್ದು ಕೇಳಲಿಲ್ಲ. ಎದ್ದು ಅಡುಗೆ ಮನೆಯ ಬಾಗಿಲಿಗೆ ಬಂದಳು. ಮೇಸ್ತ್ರಿ ಎರಡು ಸ್ಪೀಕರಿನ ನಡುವೆ ಮಂಡಿಯೂರಿ ಕೂತು, ಒಂದೊಂದರ ಮೇಲೂ ಒಂದೊಂದು ಅಂಗೈ ಇಟ್ಟು, ಮುಖವೆಲ್ಲ ಬೆಳಕಾಗಿ ಅವಳನ್ನೇ ನೋಡುತ್ತಿದ್ದ. ಅಂಗೈ ಹೇಳುತ್ತಿತ್ತು, ಮಗ್ಗ ಸರಿಯಾಗಿ ಓಡುತ್ತಿದೆ ಅಂತ.

ಅಷ್ಟರಲ್ಲಿ ಬೀದಿ ಬಾಗಿಲು ತಳ್ಳಿಕೊಂಡು ಮಹಡಿಯ ಮೇಲಿನ ಮನೆಯಾಕೆ ಬಂದಳು. ಆಕೆಯ ಬಾಯಿ ಪಟಪಟ ಬಡಿಯುತ್ತಿತ್ತು, ಮಾತು ಒಂದೂ ಕೇಳಿಸುತ್ತಿರಲಿಲ್ಲ. ಆದರೆ ಗಂಟಕ್ಕನಿಗೆ ಎಲ್ಲ ತಿಳಿಯಿತು. ಶೆಲ್ಫಿನಿಂದ ಲೋಟ ಬಿತ್ತು, ಮಗು ಎದ್ದಿತು, ಇದು ಮನೆಯೋ ಬಸ್ ಸ್ಟ್ಯಾಂಡೋ. ಗಂಟಕ್ಕ ಗಂಡನ ಕಡೆ ತಿರುಗಿ ಕೂಗಲೆಂದು ಉಸಿರು ಎಳೆದಳು. ಗಂಟಲಲ್ಲಿ ಮುಳ್ಳು ಆಡಿತು. ಈ ಗದ್ದಲದಲ್ಲಿ ಕೂಗಿ ಏನು ಬಂತು ಅಂತ ಅವಳ ಮೈಗೇ ಗೊತ್ತಿತ್ತು, ಅವಳಿಗಿಂತ ಮೊದಲು. ಬಾಯಿ ತಾನಾಗಿ ಅಗಲವಾಯಿತು, ದನಿ ಒಳಗೇ ಉಳಿಯಿತು, ತುಟಿ ನಿಧಾನವಾಗಿ ಆಡಿತು.

"ಇಳಿಸು."

ಮೇಸ್ತ್ರಿಯ ತುಟಿಯೂ ಅದೇ ರೀತಿ ಆಡಿತು, ದನಿಯಿಲ್ಲದೆ. "ಏನನ್ನ?"

"ಸದ್ದನ್ನ. ಮಹಡಿಯಮ್ಮ ಬಂದಿದ್ದಾಳೆ. ಕೋಪ."

"ಅವಳಿಗೆ ಯಾವಾಗ ಇರಲ್ಲ?"

"ಲೋಟ ಬಿತ್ತಂತೆ."

"ನಮ್ಮ ತಲೆ ಮೇಲೆ ಬೀಳ್ಲಿಲ್ವಲ್ಲ, ಬಿಡು."

ಗಂಟಕ್ಕನಿಗೆ ನಗು ಬಂತು. ಅವನು ಗುಂಡಿ ತಿರುಗಿಸಿ ಸದ್ದನ್ನು ಪೂರ್ತಿ ಇಳಿಸಿದ. ಕಿವಿಯಲ್ಲಿ ಗುಂಯ್ ಅನ್ನುವ ನಿಶ್ಶಬ್ದದಲ್ಲಿ ಮಹಡಿಯಮ್ಮ ಒಬ್ಬಳೇ ಇನ್ನೂ ಕಿರುಚುತ್ತಿದ್ದಳು, "ಕಿವಿ ಇಲ್ಲದವರ ಮನೆ ಮೇಲೆ—" ಅಲ್ಲಿಗೆ ತನ್ನ ದನಿ ತನಗೇ ಕೇಳಿ ನಿಲ್ಲಿಸಿ, "ಸ್ವಲ್ಪ ನೋಡ್ಕೊಳ್ಳಿ ಅಕ್ಕಾ" ಅಂತ ಮೆತ್ತಗೆ ಹೇಳಿ ಮೆಟ್ಟಿಲು ಹತ್ತಿದಳು.

ಮೇಸ್ತ್ರಿ ಎದ್ದು ನಿಂತಿದ್ದ. ಕಿವಿಗೆ ಕೈ ಅಡ್ಡ ಹಿಡಿದಿರಲಿಲ್ಲ, ಅವಳ ಮುಖದ ಹತ್ತಿರ ಬಗ್ಗಿರಲಿಲ್ಲ.

"ನೀನು ಈಗ ಕೂಗಿದೆಯಾ?" ಅಂತ ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ನಂಗೆ ಹೇಗೆ ಕೇಳಿಸ್ತು?"

ಗಂಟಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಸಂತೋಷವಾಗಬೇಕಿತ್ತು. ಬಂದದ್ದು ದೊಡ್ಡ ದಣಿವು. ಮೂಟೆ ಹೊತ್ತು ಇಡೀ ಬೀದಿ ನಡೆದ ಮೇಲೆ, ಅಯ್ಯೋ ಮೊದಲ ಮನೆಗೇ ಕೊಡಬೇಕಿತ್ತಂತೆ ಅಂದರೆ ಹೇಗಾಗುತ್ತದೆ, ಹಾಗೆ. ಎಷ್ಟು ಸಂಜೆ ಕೂಗಿದಳು! ಒಲೆಯ ಮುಂದೆ, ಬಚ್ಚಲಲ್ಲಿ, ಜ್ವರ ಬಂದು ಮಲಗಿದಾಗ ಹಾಸಿಗೆಯಿಂದ. ಅವನ ಎದುರು ಬಂದು ನಿಂತು ತುಟಿಯಾಡಿಸಿದ್ದರೆ ಸಾಕಿತ್ತು. ಕೂಗುವವಳಿಗೆ ಎದುರು ಬರಬೇಕು ಅಂತ ಅನ್ನಿಸುವುದೇ ಇಲ್ಲ. ಅವಳು ಇದ್ದಲ್ಲಿಂದಲೇ ಕೂಗುತ್ತಾಳೆ.

ಅವನ ಮುಖ ನೋಡಿ, ತುಟಿಯಲ್ಲೇ ಕೇಳಿದಳು. "ನೀನು ಯಾಕೆ ಹೇಳ್ಲಿಲ್ಲ?"

ಅವನು ದನಿ ತೆಗೆದೇ ಉತ್ತರ ಕೊಟ್ಟ, ಅವನ ಗಂಟಲಿಗೇನೂ ಆಗಿರಲಿಲ್ಲವಲ್ಲ. "ಅಮ್ಮ ಬೈತಾಳೆ ಅಂತ ನೀನೇ ಬಿಟ್ಟಿದ್ದು."

"ಅಮ್ಮ ಹೋಗಿ ಎಷ್ಟು ಕಾಲ ಆಯ್ತು!"

"ಹೌದು." ಅವನು ಸ್ಪೀಕರಿನ ಮೇಲಿನ ಧೂಳನ್ನು ಬೆರಳಿಂದ ಒರೆಸಿದ. "ನೀನು ಮತ್ತೆ ಶುರು ಮಾಡ್ಲಿಲ್ಲ. ಇವಳಿಗೆ ಈಗ ಅದು ಬೇಡ ಅನ್ಸತ್ತೆ ಅಂದ್ಕೊಂಡೆ. ಆಮೇಲೆ ನಂಗೂ ಮರ್ತುಹೋಯ್ತು."

ಮಗಳು ಬಂದಾಗ ಇಬ್ಬರೂ ಹಾಗೇ ಕೂತಿದ್ದರು, ಅರ್ಧ ಹೆಚ್ಚಿದ ತರಕಾರಿ ಒಳಗೆ ಬಿದ್ದಿತ್ತು. "ಮಹಡಿ ಮನೆಯವರು ಬೀದಿಗೆಲ್ಲ ಹೇಳ್ತಾ ಇದ್ದಾರೆ, ಏನಪ್ಪಾ ಮಾಡ್ದೆ?" ಅನ್ನುತ್ತಾ ರಿಸೀವರ್ ಹಿಂದೆ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ಕೆಂಪು ಬಿಳಿ ಎರಡನ್ನೂ ಕಿತ್ತು ಪಕ್ಕದ ಜೋಡಿಗೆ, ಟೇಪಿನ ತೂತಿಗೆ, ಹಾಕಿದಳು. ಮುಂದಿನ ಗುಂಡಿಯನ್ನು ಟೇಪಿಗೆ ತಿರುಗಿಸಿ, ಸದ್ದನ್ನು ಮೆಲ್ಲಗೆ ಏರಿಸಿದಳು. ಹಾಡು ಬಂತು. ಹಾಡಿನ ಹಾಗೇ ಬಂತು, ಹಾಡುವವಳು ಉಸಿರು ತೆಗೆದುಕೊಳ್ಳುವುದೂ ಕೇಳುವಷ್ಟು ತಿಳಿಯಾಗಿ.

ಮೇಸ್ತ್ರಿ ಅಂಗೈ ಇಟ್ಟು ನೋಡಿದ. "ಸತ್ತುಹೋಗಿದೆ" ಅಂದ.

"ಇದೇ ಸರಿಯಪ್ಪಾ!" ಮಗಳು ಕಿವಿಗೆ ಕೂಗಿದಳು. "ಮುಂಚೆ ಇದ್ದದ್ದು ಕೆಟ್ಟದ್ದು!"

"ನಿನ್ನ ಕಿವಿಗೆ ಸರಿ. ನನ್ನ ಕೈಗೆ ಅದೇ ಚೆನ್ನಾಗಿತ್ತು."

ಅಪ್ಪ ಮಗಳು ಸದ್ದಿನ ಗುಂಡಿಗಾಗಿ ಬಹಳ ಹೊತ್ತು ಜಗಳವಾಡಿದರು. ಕೊನೆಗೆ ದಪ್ಪ ಸದ್ದಿನದೊಂದು ಚಿಕ್ಕ ಗುಂಡಿ ಬೇರೆ ಇದೆ ಅಂತ ಮಗಳು ಕಂಡುಹಿಡಿದು, ಅದನ್ನು ಮಾತ್ರ ಏರಿಸಿ, ಉಳಿದದ್ದು ಮಹಡಿಯಮ್ಮನ ಲೋಟ ಬೀಳದಷ್ಟಕ್ಕೆ ನಿಲ್ಲಿಸಿದಳು. ಮೇಸ್ತ್ರಿ ನೆಲಕ್ಕೆ ಕೂತು ಸ್ಪೀಕರಿಗೆ ಬೆನ್ನು ಆನಿಸಿದ. ಸ್ವಲ್ಪ ಹೊತ್ತಿಗೆ ಅವನ ಕಾಲಿನ ಹೆಬ್ಬೆರಳು ತಾಳ ಹಾಕತೊಡಗಿತು. ಅಡುಗೆ ಮನೆಯಿಂದ ಅಮ್ಮ ಏನೋ ತುಟಿಯಾಡಿಸಿದ್ದಕ್ಕೆ ಅಪ್ಪ "ಉಪ್ಪು ಡಬ್ಬಿ ಮೇಲಿನ ಗೂಡಲ್ಲಿದೆ" ಅಂದದ್ದನ್ನು ನೋಡಿ ಮಗಳು ಬೆಪ್ಪಾಗಿ ನಿಂತಳು.

"ಇದೇನಮ್ಮಾ ಇದು? ಅಪ್ಪಂಗೆ ಕಿವಿ ಬಂತಾ?"

ಗಂಟಕ್ಕ ಅವಳಿಗೂ ತುಟಿಯಲ್ಲೇ ಏನೋ ಹೇಳಿದಳು. ಮಗಳಿಗೆ ಒಂದಕ್ಷರ ತಿಳಿಯಲಿಲ್ಲ.

ಅದಾದ ಮೇಲೆ ಎಲ್ಲ ನೆಟ್ಟಗಾಯಿತು ಅಂತಲ್ಲ. ಹಳೇ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮರುದಿನ ಬೆಳಿಗ್ಗೆಯೇ ಗಂಟಕ್ಕ ಬಚ್ಚಲಿಂದ "ಟವೆಲ್!" ಅಂತ ಕೂಗಿ ಆಮೇಲೆ ನಾಲಿಗೆ ಕಚ್ಚಿಕೊಂಡಳು. ಮೇಸ್ತ್ರಿಯೂ ತುಟಿ ನೋಡುವುದನ್ನು ಮರೆತು "ಏನಂದೆ?" ಅಂತ ಕಿವಿ ಒಡ್ಡುವನು, ಅವಳು ಅವನ ಗಲ್ಲ ಹಿಡಿದು ಮುಖ ತಿರುಗಿಸಿಕೊಳ್ಳುವಳು. ಮಾತಾಡಬೇಕಾದರೆ ಎದ್ದು ಎದುರಿಗೆ ಹೋಗಬೇಕು, ಅದಕ್ಕೆ ಮೊಣಕಾಲು ಬೇಕು. ಹಾಗಾಗಿ ಹೇಳಲೇಬೇಕಾದ್ದಷ್ಟನ್ನೇ ಹೇಳುವಳು. ಡಾಕ್ಟರು ಮತ್ತೆ ಕನ್ನಡಿ ಇಟ್ಟು ನೋಡಿ, ಗಂಟು ಸಣ್ಣಗಾಗಿವೆ, ಸದ್ಯಕ್ಕೆ ಕೊಯ್ಯುವುದು ಬೇಡ, ಹೀಗೇ ಇರಿ ಅಂದಳು. ಕಿಟಕಿಯ ಕೆಲಸ ಮತ್ತೆ ಕೊಟ್ಟರು. ದನಿ ಮೊದಲಿನಷ್ಟಿಲ್ಲ, ಆದರೆ ವಾರ್ಡಿನವರಿಗೆ ಮುಟ್ಟುತ್ತದೆ. ಉಳಿದ ದನಿಯನ್ನೆಲ್ಲ ಅವಳು ಅಲ್ಲೇ ಖರ್ಚು ಮಾಡಿ ಬರುತ್ತಾಳೆ. ದಾರಿಯಲ್ಲಿ ಸಿಕ್ಕವರಿಗೆ ಈಗಲೂ ಕೈ ಎತ್ತಿ ನಗುವುದೇ.

ಹಾಗೆ ಬಂದ ಒಂದು ಸಂಜೆ, ಹಾಡು ನಡೆದಿತ್ತು. ಗಂಟಕ್ಕ ಗೋಡೆಗೊರಗಿ ಕಾಲು ಚಾಚಿದಳು. ದಿನವೆಲ್ಲ ನಿಂತು ಪಾದ ಊದಿದ್ದವು. ಎದುರಿಗೆ ಸ್ಪೀಕರಿಗೆ ಬೆನ್ನು ಆನಿಸಿಕೊಂಡು ಮೇಸ್ತ್ರಿ. ಅವಳು ಕೂತದ್ದೇ ತಡ, ಅವನ ತುಟಿ ಆಡಿತು.

"ಯಾರು ಸಿಕ್ಕಿದ್ರು?"

"ಯಾರೂ ಇಲ್ಲ."

"ಏನಂದ್ರು?"

ಗಂಟಕ್ಕ ಅವನನ್ನೇ ನೋಡಿದಳು. ಕೂಗಬೇಕಾಗಿರಲಿಲ್ಲ, ಏಳಬೇಕಾಗಿರಲಿಲ್ಲ, ತುಟಿ ಆಡಿಸಿದರೆ ಸಾಕಿತ್ತು. ಅಷ್ಟನ್ನೂ ಮಾಡುವ ಶಕ್ತಿ ಅವತ್ತು ಅವಳಲ್ಲಿರಲಿಲ್ಲ.

ಅವಳು ಕಣ್ಣು ಮುಚ್ಚಿದಳು.

ನಿದ್ದೆ ಬಂದಿರಲಿಲ್ಲ. ಮುಚ್ಚಿದ ಕಣ್ಣೊಳಗೇ ಅವಳು ಕಾದಳು, "ಏನಂದೆ? ಏನಂದೆ?" ಅಂತ ಅವನ ದನಿ ಬರುವುದನ್ನು. ಹಾಡು ಮುಗಿದು ಇನ್ನೊಂದು ಶುರುವಾಯಿತು. ದನಿ ಬರಲಿಲ್ಲ. ಒಂದು ರೆಪ್ಪೆಯನ್ನು ಕೂದಲೆಳೆಯಷ್ಟು ತೆರೆದು ನೋಡಿದಳು. ಮೇಸ್ತ್ರಿ ಇದ್ದಲ್ಲೇ ಇದ್ದ, ಅವಳ ಮುಖವನ್ನೇ ನೋಡುತ್ತಾ, ಬಾಯಿ ಮುಚ್ಚಿಕೊಂಡು. ಮಗ್ಗದ ಆಚೆ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದವನ ಹಾಗೇ.

ಕಾಯಲಿ ಅಂತ ಅವಳು ಮತ್ತೆ ಕಣ್ಣು ಮುಚ್ಚಿಕೊಂಡಳು.